ಬಾಳ್ಗಳ್ಚಿನಿಂದ ಪರಮವೀರ ಚಕ್ರದವರೆಗೆ

ಶೌರ್ಯವು ಮನುಷ್ಯನ ಗುಣಗಳಲ್ಲಿ ಬಹು ಹಳೆಯದು. ಅದನ್ನು ಗುರುತಿಸಿ ಮನ್ನಿಸುವ ಪದ್ಧತಿಯೂ ಹೆಚ್ಚು ಕಡಿಮೆ ಅಷ್ಟೇ ಹಳೆಯದು. ಆದರೆ ಯಾವುದನ್ನು ಶೌರ್ಯವೆನ್ನಬೇಕು, ಅದನ್ನು ಅಳೆಯತಕ್ಕವರು ಯಾರು, ಅದಕ್ಕೆ ಸಾಕ್ಷಿ ಯಾರು ಎಂಬ ಪ್ರಶ್ನೆಗಳಿಗೆ ಒಂದೊಂದು ಕಾಲವು ಒಂದೊಂದು ಉತ್ತರವನ್ನು ಕೊಟ್ಟಿದೆ. ಗಣರಾಜ್ಯ ದಿನದ ಹೊತ್ತಿಗೆ ಪತ್ರಿಕೆಗಳಲ್ಲಿ ಅಚ್ಚಾಗುವ ಶೌರ್ಯಪದಕಗಳ ಪಟ್ಟಿಯನ್ನು ಓದುವ ನಾವು, ಅಂಥ ಪಟ್ಟಿಗೆ ಸಾವಿರದೈನೂರು ವರ್ಷಗಳ ಹಿನ್ನೆಲೆಯೊಂದು ನಮ್ಮ ನುಡಿಯಲ್ಲಿಯೇ ಇದೆಯೆಂಬುದನ್ನು ನೆನೆಯುವುದು ಅಪರೂಪ.

ಹಲ್ಮಿಡಿಯ ಶಾಸನವನ್ನು ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲರು. ಕ್ರಿ. ಶ. 450ರ ಸುಮಾರಿನದೆಂದು ಎಣಿಸಲಾದ, 16 ಸಾಲುಗಳ ಈ ಬರಹವನ್ನು ಅದರ ಪ್ರಾಚೀನತೆಗಾಗಿ, ದೀರ್ಘ ಸಂಸ್ಕೃತ ಸಮಾಸಗಳಿಗಾಗಿ, ವಿಭಕ್ತಿ ಪ್ರತ್ಯಯಗಳಿಗಾಗಿ ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ಆದರೆ ಅದು ಹೇಳುವ ಸಂಗತಿಯಾದರೂ ಏನು? ಕದಂಬರ ಕಾಲದ ಕಾಳಗವೊಂದರಲ್ಲಿ ಪರಾಕ್ರಮವನ್ನು ಮೆರೆದ ವಿಜ ಅರಸನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಎಂದು ಕೊಟ್ಟುದು. ಬಾಳ್ ಎಂದರೆ ಕತ್ತಿ. ಕಳ್ಚು ಎಂದರೆ ತೊಳೆ. ವೀರನ ನೆತ್ತರಾದ ಕತ್ತಿಯನ್ನು ತೊಳೆದು ಕೊಟ್ಟ ಉಂಬಳಿಯೇ ಬಾಳ್ಗಳ್ಚು. ಬಹುಕಾಲದಿಂದ ಕನ್ನಡದ ಮೊದಲ ಪೂರ್ಣ ಶಾಸನವೆಂದು ನಾವು ಓದುತ್ತ ಬಂದ ಬರಹವು ದೇವರ ಸ್ತುತಿಯಿಂದ ಮೊದಲಾದರೂ, ಅದರ ತಿರುಳು ಒಂದು ಶೌರ್ಯ ಪ್ರಶಸ್ತಿಯ ದಾಖಲೆಯೇ ಆಗಿದೆ.

ಇಂಥ ಮನ್ನಣೆಗಳಿಗೆ ಶಾಸನಗಳಲ್ಲಿ ಬೇರೆ ಬೇರೆ ಹೆಸರುಗಳಿವೆ. ವೀರನಿಗಾಗಿ ಕಲ್ಲು ನಿಲ್ಲಿಸಿ ಬಿಟ್ಟ ಭೂಮಿ ಕಲ್ನಾಡು. ಮಡಿದವನ ಮನೆಯವರಿಗೆ ಕೊಟ್ಟ ಹೊಲ ನೆತ್ತರುಗೊಡಗೆ. ಹೆಸರುಗಳು ಬೇರೆಯಾದರೂ ಅವುಗಳ ಹಿಂದಿರುವ ಭಾವನೆ ಒಂದೇ: ಕಾದಿದವನ ಋಣ ಕಾಯಿಸಿಕೊಂಡವರ ಮೇಲೆ ಉಳಿಯುತ್ತದೆ, ಅದನ್ನು ಮಾತಿನಿಂದ ತೀರಿಸಲಾಗದು, ಮಣ್ಣಿನಿಂದ ತೀರಿಸಬೇಕು.

ಈ ಭಾವನೆಯು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಸಾಕ್ಷಿಯಾಗಿದೆ. ಅದೀಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ. ಶ. 949ರಲ್ಲಿ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದನು. ರಾಷ್ಟ್ರಕೂಟ ಮೂರನೆಯ ಕೃಷ್ಣನು ತನ್ನ ಪಕ್ಷದಲ್ಲಿ ಕಾದಿದ ಗಂಗ ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ ಮೊದಲಾದ ನಾಡುಗಳನ್ನು ಕೊಟ್ಟನು. ಇಂದಿನ ಹಾವೇರಿ ಸೀಮೆಯ ಬಹುಭಾಗ ಆ ಬನವಾಸಿ ನಾಡಿಗೆ ಸೇರಿದ್ದಿತು. ಬೂತುಗನು ತನ್ನ ಭಟ ಮಣಲೆರನಿಗೆ ಆತಕೂರನ್ನು ಬಾಳ್ಗಳ್ಚು ಕೊಟ್ಟನು. ಅದರ ಜತೆಗೆ ಮಣಲೆರನು ಬೇಡಿ ಪಡೆದುದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೂ ಕಲ್ಲು ನಿಂತಿತು, ಭೂಮಿ ಬಿಟ್ಟಿತು. ಆ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡ ಅರ್ಚಕನಿಗೆ ನಾಯಿಯ ಪಾಪ ತಟ್ಟುವುದೆಂಬ ಶಾಪವೂ ಅದರ ಮೇಲಿದೆ. ಚಕ್ರವರ್ತಿ, ಸಾಮಂತ, ಭಟ, ನಾಯಿ ನಾಲ್ವರ ಶೌರ್ಯವೂ ಒಂದೇ ಬಂಡೆಯ ಮೇಲೆ ದಾಖಲಾದುದು ವಿಸ್ಮಯದ ಸಂಗತಿ. ಅದಕ್ಕಿಂತಲೂ ವಿಸ್ಮಯವೆಂದರೆ ಆ ಶಾಪ: ಮನ್ನಣೆಯನ್ನು ಪಡೆದವನಿಗಲ್ಲ, ಅದನ್ನು ಮುಂದುವರಿಸಬೇಕಾದವನಿಗೆ ವಿಧಿಸಿದ ಕಟ್ಟಳೆ ಅದು.

ಅರಸರ ಯುದ್ಧಗಳನ್ನು ಬಿಟ್ಟು ಊರುಗಳ ಕಡೆಗೆ ಬಂದರೆ ವೀರಗಲ್ಲುಗಳ ಲೋಕ ಇನ್ನೂ ಹಿರಿದಾಗುತ್ತದೆ. ತುರುಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆದು ಸತ್ತವನು, ‘ಪೆಣ್ಬುಯ್ಯಲ್’ ಎಂದರೆ ಹೆಣ್ಣಿನ ಮೊರೆಗೆ ಓಡಿಬಂದು ಸತ್ತವನು, ಊರಳಿವಿನಲ್ಲಿ ಬಿದ್ದವನು, ಗಡಿಯ ಜಗಳದಲ್ಲಿ ಅಳಿದವನು, ಹುಲಿಯೊಡನೆ ಸೆಣಸಿದವನು ಎಲ್ಲರಿಗೂ ಕಲ್ಲುಗಳುಂಟು. ಕೆಳಗಿನ ಹಂತದಲ್ಲಿ ಕಾಳಗ; ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು; ಮೇಲೆ ಶಿವಲಿಂಗದೆದುರು ಕೈಮುಗಿದು ಕುಳಿತ ವೀರ; ತುದಿಯಲ್ಲಿ ಸೂರ್ಯ ಚಂದ್ರರು. ಅವನು ಸೈನಿಕನಾಗಿರಬೇಕೆಂಬ ನಿಯಮವಿರಲಿಲ್ಲ. ಕೋಲು ಹಿಡಿದು ದನ ಕಾಯುವವನೂ ಆ ಹೊತ್ತಿಗೆ ಎದುರು ನಿಂತರೆ ಸಾಕಾಗಿತ್ತು.

ವರದೆಯು ತುಂಗಭದ್ರೆಯನ್ನು ಕೂಡುವ ಎಡೆಯಲ್ಲಿರುವ ಗಳಗನಾಥವನ್ನು ಸಾಹಿತ್ಯಪ್ರಿಯರು ಎರಡು ಕಾರಣಗಳಿಂದ ಅರಿತಿರುತ್ತಾರೆ. ಒಂದು, ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯ. ಇನ್ನೊಂದು, ಆ ಊರಿನ ಹೆಸರನ್ನೇ ತಮ್ಮ ಕಾವ್ಯನಾಮವಾಗಿ ತಳೆದ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942). ಅರಸರ, ಮಂತ್ರಿಗಳ, ಸೇನಾನಿಗಳ ಸಾಹಸವನ್ನು ಗಳಗನಾಥರ ಐತಿಹಾಸಿಕ ಕಾದಂಬರಿಗಳು ಮನೆಮನೆಗೆ ಮುಟ್ಟಿಸಿದವು. ಅದೇ ಸೀಮೆಯ ಹೊಲಗಳ ಬದುವಿನಲ್ಲಿ ಹೆಸರಿಲ್ಲದವರ ಸಾಹಸವು ಕಲ್ಲಾಗಿ ನಿಂತಿದೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಗಳಗನಾಥಕ್ಕೆ ಹೋಗುವಾಗ, ಹಾದಿಯ ಊರೊಂದರ ಹೊರಗೆ ಬರಹವಿಲ್ಲದ ವೀರಗಲ್ಲೊಂದನ್ನು ಕಂಡೆವು. ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ಹೆಸರೇ ಇಲ್ಲದ ಮೇಲೆ ಇದು ಯಾರಿಗೆ ಸಂದ ಮರ್ಯಾದೆ?” ಸಹಜವಾದ ಪ್ರಶ್ನೆ. ಕಲ್ಲನ್ನು ನಿಲ್ಲಿಸಿದವರಿಗೆ ಹೆಸರಿನ ಅವಶ್ಯಕತೆಯಿರಲಿಲ್ಲ; ಅವನಾರೆಂಬುದನ್ನು ಊರೆಲ್ಲ ಬಲ್ಲುದಾಗಿತ್ತು. ಅವನು ಬಿದ್ದುದನ್ನು ಕಂಡವರೇ ತೀರ್ಪುಗಾರರು, ಅವರೇ ಸಾಕ್ಷಿಗಳು, ಮನ್ನಣೆ ಕೊಟ್ಟವರೂ ಅವರೇ.

ಹಾಗೆಂದು ಹಿಂದಿನ ಕಾಲದ ಅಳತೆಗೋಲೆಲ್ಲ ಉತ್ತಮವಾಗಿತ್ತೆನ್ನಲು ಬಾರದು. ಒಡೆಯನು ಸತ್ತಾಗ ತಾನೂ ಪ್ರಾಣ ಬಿಡುವ ಗರುಡರನ್ನೂ ವೇಳೆವಾಳಿಗಳನ್ನೂ ಆ ಕಾಲವು ವೀರರೆಂದೇ ಎಣಿಸಿತು. ಹಳೇಬೀಡಿನಲ್ಲಿ ಇಮ್ಮಡಿ ಬಲ್ಲಾಳನ ಗರುಡನಾದ ಕುವರ ಲಕ್ಷ್ಮನ ಕಂಬ ಇಂದಿಗೂ ನಿಂತಿದೆ. ಯಾರನ್ನೂ ಉಳಿಸದ ಸಾವನ್ನು ಶೌರ್ಯವೆನ್ನಲು ಇಂದಿನ ಮನಸ್ಸು ಒಪ್ಪುವುದಿಲ್ಲ. ಅಳತೆಗೋಲು ಬದಲಾಗುವುದೆಂದರೆ ಕೇವಲ ಕೆಡುವುದಲ್ಲ, ತಿದ್ದಿಕೊಳ್ಳುವುದೂ ಅಹುದು.

ಕುಂಪಣಿ ಸರಕಾರದ ಕಾಲಕ್ಕೆ ಶೌರ್ಯವು ಊರಿನ ಕೈಯಿಂದ ಕಚೇರಿಯ ಕೈಗೆ ಹೋಯಿತು. 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಭಾರತೀಯ ಸಿಪಾಯಿಗಳಿಗಾಗಿ ‘ಆರ್ಡರ್ ಆಫ್ ಮೆರಿಟ್’ ಎಂಬ ಪದಕವನ್ನು ಸ್ಥಾಪಿಸಿತು. ಅದಕ್ಕೆ ಮೂರು ದರ್ಜೆಗಳು. ಪಡೆದವನ ಸಂಬಳವೂ ಏರುತ್ತಿತ್ತು. 1856ರಲ್ಲಿ ವಿಕ್ಟೋರಿಯಾ ಕ್ರಾಸ್ ಬಂದಿತು. ಅಧಿಕಾರಿ, ಸಿಪಾಯಿ ಎಂಬ ಅಂತರವನ್ನೆಣಿಸದ ಪದಕವೆಂಬ ಹೆಗ್ಗಳಿಕೆ ಅದಕ್ಕಿತ್ತು. ಆದರೆ ಭಾರತೀಯ ಸೈನಿಕನು ಅದಕ್ಕೆ ಅರ್ಹನೆಂದು ಒಪ್ಪಲು 1911 ಬರಬೇಕಾಯಿತು. ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಮಡಿದವನಿಗೆ ವಿಕ್ಟೋರಿಯಾ ಕ್ರಾಸನ್ನು ಕೊಡುವ ಪದ್ಧತಿ ಮೊದಲ ದಶಕಗಳಲ್ಲಿ ಇರಲೇ ಇಲ್ಲ; ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾತ್ರ ಅದು ರೂಢಿಗೆ ಬಂದಿತು. ಎದೆಯ ಮೇಲೆ ತೊಡಿಸುವ ಪದಕಕ್ಕೆ ಬದುಕಿದ ಎದೆ ಬೇಕಾಗಿತ್ತು. ನಮ್ಮ ಕಲ್ಲುಗಳಾದರೋ ಬಹುಮಟ್ಟಿಗೆ ಮಡಿದವರಿಗಾಗಿಯೇ ಹುಟ್ಟಿದವು.

ಸ್ವತಂತ್ರ ಭಾರತವು 1950ರ ಜನವರಿ 26ರಂದು ಪರಮವೀರ, ಮಹಾವೀರ, ವೀರ ಚಕ್ರಗಳನ್ನು ಸ್ಥಾಪಿಸಿ, ಅವು 1947ರ ಆಗಸ್ಟ್ 15ರಿಂದಲೇ ಅನ್ವಯಿಸತಕ್ಕವೆಂದು ಸಾರಿತು. ಪರಮವೀರ ಚಕ್ರದ ವಿನ್ಯಾಸವನ್ನು ರಚಿಸಿದವರು ಸಾವಿತ್ರಿಬಾಯಿ ಖಾನೋಲ್ಕರ್. ಅದರ ಕಂಚಿನ ಬಿಲ್ಲೆಯ ಮೇಲೆ ನಾಲ್ಕು ವಜ್ರಾಯುಧಗಳಿವೆ. ಲೋಕಕ್ಷೇಮಕ್ಕಾಗಿ ದಧೀಚಿ ಮಹರ್ಷಿಯು ಬಿಟ್ಟುಕೊಟ್ಟ ಎಲುಬಿನಿಂದ ಆದುದು ಆ ವಜ್ರ. ರಾಷ್ಟ್ರದ ಅತ್ಯುನ್ನತ ಯುದ್ಧಪದಕಕ್ಕೆ ದೊರೆತ ಪ್ರತಿಮೆ ಕೊಂದವನದಲ್ಲ, ಕೊಟ್ಟವನದು ಎಂಬುದನ್ನು ಮರೆಯಲಾಗದು. ಇದುವರೆಗೆ ಅದನ್ನು ಪಡೆದವರು 21 ಮಂದಿ. ಅವರಲ್ಲಿ 14 ಮಂದಿಗೆ ಅದು ಸಂದುದು ಮರಣೋತ್ತರವಾಗಿ.

ಆದರೂ ಈ ಮೂರು ಚಕ್ರಗಳಿಗೆ ‘ಶತ್ರುವಿನ ಎದುರಿನಲ್ಲಿ’ ಎಂಬ ಗಡಿಯುಂಟು. ಆ ಗಡಿಯ ಹೊರಗಿನ ಸಾಹಸಕ್ಕಾಗಿ 1952ರಲ್ಲಿ ಅಶೋಕ ಚಕ್ರವು ಮೂರು ದರ್ಜೆಗಳಲ್ಲಿ ಬಂದಿತು. 1967ರಲ್ಲಿ ಆ ದರ್ಜೆಗಳನ್ನು ತೆಗೆದು ಅಶೋಕ, ಕೀರ್ತಿ, ಶೌರ್ಯ ಚಕ್ರಗಳೆಂದು ಹೆಸರಿಟ್ಟರು. ಇದು ಸೈನಿಕರಲ್ಲದವರಿಗೂ ಸಲ್ಲತಕ್ಕ ಮನ್ನಣೆ. 1986ರಲ್ಲಿ ಕರಾಚಿಯಲ್ಲಿ ಅಪಹರಣಕಾರರ ವಶವಾದ ವಿಮಾನದಲ್ಲಿ ಪ್ರಯಾಣಿಕರನ್ನು ಉಳಿಸುತ್ತ ಮಡಿದ ಗಗನಸಖಿ ನೀರಜಾ ಭಾನೋತ್ ಅವರಿಗೆ ಅಶೋಕ ಚಕ್ರ ಸಂದಿತು. ಹೆಣ್ಣಿನ ಮೊರೆಗೆ ಓಡಿಬಂದ ಗಂಡನ್ನು ಕೆತ್ತಿದ ಕಲ್ಲುಗಳ ನಾಡಿನಲ್ಲಿ, ಇತರರ ಮೊರೆಗೆ ಎದ್ದು ನಿಂತ ಹೆಣ್ಣನ್ನು ಮನ್ನಿಸುವಷ್ಟರ ಮಟ್ಟಿಗೆ ಅಳತೆಗೋಲು ಹಿಗ್ಗಿತು.

ಕಚೇರಿಯ ಕೈಗೆ ಹೋದ ಶೌರ್ಯಕ್ಕೆ ಒದಗುವ ದೊಡ್ಡ ತೊಡಕು ಸಾಕ್ಷಿಯದು. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಟ ಮಿಸ್ಟೇರ್ ವಿಮಾನಗಳಲ್ಲಿ ಅವರದೂ ಒಂದು. ಅವರು ಮರಳಲಿಲ್ಲ. ತಮ್ಮದಕ್ಕಿಂತ ಎಷ್ಟೋ ವೇಗವುಳ್ಳ ಸ್ಟಾರ್‌ಫೈಟರ್ ವಿಮಾನವನ್ನು ಅವರು ಇದಿರಿಸಿ ಕೆಡಹಿದುದನ್ನು ನಮ್ಮವರಾರೂ ಕಂಡಿರಲಿಲ್ಲ. ಆ ಯುದ್ಧದ ವಾಯುಸಮರವನ್ನು ಕುರಿತು ಜಾನ್ ಫ್ರಿಕರ್ ಬರೆದ ಪುಸ್ತಕವು 1979ರಲ್ಲಿ ಹೊರಬಂದ ಮೇಲೆ, ಪಾಕಿಸ್ತಾನದ ಕಡೆಯ ಸಂಗತಿಗಳಿಂದ ವಿಷಯ ಬಯಲಿಗೆ ಬಂದಿತು. ಮಹಾವೀರ ಚಕ್ರ ಸಂದುದು 1988ರಲ್ಲಿ, 23 ವರ್ಷಗಳ ತರುವಾಯ. ಊರು ಸಾಕ್ಷಿಯಾಗಿದ್ದ ಕಾಲ ಹೋಗಿ, ಕೊನೆಗೆ ಎದುರಾಳಿಯ ಪಕ್ಷವೇ ಸಾಕ್ಷಿಯಾಗಬೇಕಾಯಿತು.

ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಅವರನ್ನು ಈ ಭಾಗದ ಜನ ಇನ್ನೂ ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಹೂತುಹೋದ ಹತ್ತು ಯೋಧರಲ್ಲಿ ಅವರೊಬ್ಬರು. ಆರು ದಿನಗಳ ಮೇಲೆ ಜೀವಂತವಾಗಿ ದೊರೆತು, 11ರಂದು ತೀರಿಕೊಂಡರು. ಅವರಿಗೆ ಮರಣೋತ್ತರವಾಗಿ ಸೇನಾ ಪದಕ ಸಂದಿತು. ಅಲ್ಲಿ ಎದುರಿಗೆ ಶತ್ರುವಿರಲಿಲ್ಲ, ಬೀಸಲು ಕತ್ತಿಯಿರಲಿಲ್ಲ. ನಿಲ್ಲಬೇಕಾದ ಎಡೆಯಲ್ಲಿ ನಿಂತಿದ್ದುದೇ ಶೌರ್ಯವಾಯಿತು.

ಇನ್ನು ಯಾವ ಚಕ್ರದ ನಿಯಮಕ್ಕೂ ಒಳಪಡದ ಸಾವುಗಳೂ ಉಂಟು. ಗಳಗನಾಥಕ್ಕೆ ದೂರವಲ್ಲದ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು, ಪರಕೀಯ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರು ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದ ಸರಕಾರದ ದಫ್ತರದಲ್ಲಿ ಅವರು ಅಪರಾಧಿಗಳು. ಜನರ ಬಾಯಲ್ಲಿ ಅಂದೇ ಹುತಾತ್ಮರು. ಊರು ಕೊಟ್ಟ ತೀರ್ಪೇ ಕೊನೆಗೆ ನಿಂತಿತು.

ಇಷ್ಟನ್ನೆಲ್ಲ ಕಂಡ ಮೇಲೆ ನನಗನಿಸುವುದಿಷ್ಟು. ಇಂದಿನ ಪದಕಕ್ಕೆ ವಿಧಿಯುಂಟು, ವಿಚಾರಣೆಯುಂಟು, ಜಾತಿ ದರ್ಜೆಗಳ ಹಂಗಿಲ್ಲದ ನ್ಯಾಯವುಂಟು, ಇವೆಲ್ಲ ಲಾಭಗಳೇ. ಆದರೆ ಪ್ರಶಸ್ತಿಯೆಂಬುದು ಕೊಟ್ಟವರ ಮೇಲಿನ ಋಣ, ಅದು ಸಮಾರಂಭದೊಡನೆ ತೀರತಕ್ಕದ್ದಲ್ಲ ಎಂಬ ಹಳೆಯ ತಿಳಿವು ಮಾತ್ರ ತೆಳುವಾಗುತ್ತಿದೆ. ವೀರಗಲ್ಲುಗಳು ಎಷ್ಟೋ ಊರುಗಳಲ್ಲಿ ಬಟ್ಟೆ ಒಗೆಯುವ ಬಂಡೆಗಳಾಗಿವೆ, ಮೆಟ್ಟಿಲುಗಳಾಗಿವೆ, ಮುಖ ಕೆಳಗಾಗಿ ಮಣ್ಣಿನಲ್ಲಿ ಮುಳುಗಿವೆ. ಪದಕ ಪಡೆದವರ ಹೆಸರುಗಳೂ ಪಟ್ಟಿ ಅಚ್ಚಾದ ಮರುವಾರವೇ ನಮ್ಮ ನೆನಪಿನಿಂದ ಜಾರುತ್ತವೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ತರುಣರು ತಮ್ಮ ಊರ ಹೊರಗಿನ ಕಲ್ಲೊಂದನ್ನು ನೀರು ಹಾಕಿ ತೊಳೆದು, ಅಕ್ಷರವಿದ್ದರೆ ಓದಿ, ಇಲ್ಲದಿದ್ದರೆ ಊರ ಹಿರಿಯರನ್ನು ಕೇಳಿ ಬರೆದಿಟ್ಟರೆ, ಅದೂ ಒಂದು ಬಾಳ್ಗಳ್ಚೇ ಆದೀತು. ಅದಕ್ಕೆ ಅರಸರ ಅಪ್ಪಣೆ ಬೇಕಾಗಿಲ್ಲ. ಒಂದು ಕೊಡ ನೀರು, ಒಂದು ನೋಟುಪುಸ್ತಕ ಸಾಕು.