ವಿಶೇಷ ಶಿಕ್ಷಕರು ತಯಾರಾಗುವ ಬಗೆ

ಅಂಗಿಯ ಗುಂಡಿ ಹಾಕಿಕೊಳ್ಳುವುದು ಎಷ್ಟು ಹಂತಗಳ ಕೆಲಸ? ವಿಶೇಷ ಶಿಕ್ಷಣ ಓದಲು ಬಂದವರು ಇಂಥ ಪ್ರಶ್ನೆಗಳಿಂದಲೇ ಶುರುಮಾಡಬೇಕು. ಬಟ್ಟೆಯ ಅಂಚು ಹಿಡಿಯಬೇಕು, ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಕಾಜಾದೊಳಗೆ ಅರ್ಧ ತೂರಿಸಬೇಕು, ಕೈ ಬದಲಿಸಿ ಆಚೆಯಿಂದ ಎಳೆಯಬೇಕು. ಬೆರಳಲ್ಲಿ ಹಿಡಿತ ಕಡಿಮೆ ಇರುವ ಮಗುವಿಗೆ ಎಷ್ಟೋ ಸಲ ಮೊದಲು ಕಲಿಸುವುದು ಕೊನೆಯ ಹಂತವನ್ನು. ಉಳಿದದ್ದನ್ನೆಲ್ಲ ಶಿಕ್ಷಕಿ ತಾನೇ ಮಾಡಿ, ಆ ಒಂದು ಎಳೆತವನ್ನು ಮಗುವಿಗೆ ಬಿಡುತ್ತಾಳೆ. ಕೆಲಸ ಮುಗಿಸಿದ ಖುಷಿ ಮಗುವಿನದಾಗುತ್ತದೆ. ಅದು ಕೈಗೆ ಹತ್ತಿದ ಮೇಲೆ ಅದರ ಹಿಂದಿನ ಹಂತ. ಕೆಲಸವನ್ನು ಹೀಗೆ ಬಿಡಿಸಿ ನೋಡುವುದಕ್ಕೆ ಕಾರ್ಯ ವಿಶ್ಲೇಷಣೆ ಎಂದು ಹೆಸರು. ಮಗು ಈಗ ಯಾವ ಹಂತದಲ್ಲಿದೆ ಎಂದು ಸರಿಯಾಗಿ ಗುರುತಿಸುವುದೇ ಈ ಓದಿನ ತಿರುಳು.

ಪದವಿ ಒಂದು, ನೋಂದಣಿ ಇನ್ನೊಂದು

ಈ ಓದಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಪಿಯುಸಿ ಮುಗಿಸಿದವರು ಎರಡು ವರ್ಷದ ಡಿ.ಎಡ್. ವಿಶೇಷ ಶಿಕ್ಷಣ ಡಿಪ್ಲೊಮಾಕ್ಕೆ ಸೇರಬಹುದು. ಪದವೀಧರರಿಗೆ ವಿಶ್ವವಿದ್ಯಾಲಯ ಕೊಡುವ ಬಿ.ಎಡ್. ವಿಶೇಷ ಶಿಕ್ಷಣವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವುಡ ಮಕ್ಕಳ ಶಿಕ್ಷಣ ಓದಿದವರಿಗೆ ಮೈಸೂರು ವಿಶ್ವವಿದ್ಯಾಲಯದ ಪದವಿ ಸಿಗುವುದು ಇದಕ್ಕೆ ಉದಾಹರಣೆ. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಆಟಿಸಂ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಪದವಿ ಪತ್ರವೊಂದೇ ಸಾಲದು. 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ಹೆಸರು ನೋಂದಾಯಿಸಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ವೈದ್ಯರಿಗಿರುವಂತೆ ಇಲ್ಲಿಯೂ ಕಾಲಕಾಲಕ್ಕೆ ಹೊಸ ತರಬೇತಿ ಪಡೆದು ನೋಂದಣಿ ನವೀಕರಿಸಿಕೊಳ್ಳಬೇಕು.

ಕಾನೂನಿಗಿಂತ ಮೊದಲೇ ಬಂದ ಶಾಲೆಗಳು

ಪುಸ್ತಕದಲ್ಲಿ ಓದಿದ್ದು ಪಕ್ಕಾ ಆಗುವುದು ಮಕ್ಕಳ ಎದುರಿನಲ್ಲಿ. ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳಲ್ಲಿ ಇಂಥ ಅಭ್ಯಾಸಕ್ಕೆ ಒದಗುವ ಶಾಲೆಗಳಿಗೆ ಹಳೆಯ ಇತಿಹಾಸವಿದೆ. ಎನ್.ಎಸ್. ಹೇಮಾ ಅವರು ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು ಕಟ್ಟಿದ್ದು 1959ರಲ್ಲಿ. ಲಿಂಗರಾಜಪುರದಲ್ಲಿರುವ ಅದರ ಶಾಲೆಯಲ್ಲಿ ಅಂಗವೈಕಲ್ಯವಿರುವ ಮಕ್ಕಳೂ ಇಲ್ಲದ ಮಕ್ಕಳೂ ಒಟ್ಟಿಗೆ ಕಲಿಯುತ್ತಾರೆ. ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಲ್ಲಿ ಹುಟ್ಟಿತು. ಅಲ್ಲಿ ಮಕ್ಕಳ ಶಾಲೆಯ ಜೊತೆಗೇ ಶಿಕ್ಷಕರ ತರಬೇತಿಯೂ ನಡೆಯುತ್ತದೆ. ಅಂಗವಿಕಲರ ಹಕ್ಕಿಗೆಂದು ದೇಶದಲ್ಲಿ ಮೊದಲ ಸಮಗ್ರ ಕಾಯ್ದೆ ಬಂದದ್ದು 1995ರಲ್ಲಿ. ಅಷ್ಟರಲ್ಲಾಗಲೇ ಈ ಭಾಗದಲ್ಲಿ ಮೂರು ದಶಕಕ್ಕೂ ಮೀರಿದ ಅನುಭವ ಕೂಡಿತ್ತು.

ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಅಕ್ಷರಕ್ಕೆ ಮೊದಲು ನೆಟ್ಟಗೆ ಕೂರಿಸುವ ಕುರ್ಚಿ ಬೇಕಾಗಬಹುದು. ಮಾತು ಬಾರದಿದ್ದರೆ ಬೆರಳಿಟ್ಟೋ ಕಣ್ಣಲ್ಲೋ ತೋರಿಸಿ ಉತ್ತರಿಸಲು ಚಿತ್ರಫಲಕ ಬೇಕು. ಆದ್ದರಿಂದ ಫಿಸಿಯೋಥೆರಪಿಸ್ಟ್, ವಾಕ್ ತಜ್ಞರು, ಶಿಕ್ಷಕಿ, ಹೆತ್ತವರು ಒಟ್ಟಾಗಿ ಕುಳಿತು ಆ ಒಂದು ಮಗುವಿಗಾಗಿ ವೈಯಕ್ತಿಕ ಶಿಕ್ಷಣ ಯೋಜನೆ ಬರೆಯುತ್ತಾರೆ. ಅದರಲ್ಲಿ 'ಓದು ಸುಧಾರಿಸಬೇಕು' ಎಂದು ಬರೆದರೆ ನಡೆಯದು. ಯಾವ ಪದಗಳನ್ನು, ಯಾರ ನೆರವಿನಿಂದ, ಯಾವ ತಿಂಗಳೊಳಗೆ ಎಂದು ಬರೆಯಬೇಕು.

ಯಾವ ಭಾಷೆಯಲ್ಲಿ ಅಳೆಯುವುದು?

ಇಂಥ ಯೋಜನೆ ಬರೆಯುವ ಮೊದಲು ಮಗುವಿಗೆ ಏನು ಬರುತ್ತದೆ ಎಂದು ಅಳೆಯಬೇಕು. ಬೆಂಗಳೂರಿನ ಶಿವಾಜಿನಗರದ ಮಗು ಮನೆಯಲ್ಲಿ ದಖನಿ ಉರ್ದು ಆಡುತ್ತಿರಬಹುದು, ಹಲಸೂರಿನ ಮಗು ತಮಿಳು, ಕೆ.ಆರ್. ಪುರದ ಮಗು ತೆಲುಗು. ಶಾಲೆಯಲ್ಲಿ ಇಂಗ್ಲಿಷ್ ಅಥವಾ ಕನ್ನಡ. ಪ್ರಶ್ನೆ ಕೇಳಿದಾಗ ಮಗು ಸುಮ್ಮನಿದ್ದರೆ ಅದಕ್ಕೆ ತಿಳಿಯಲಿಲ್ಲವೋ, ಭಾಷೆ ಬರಲಿಲ್ಲವೋ? ತೊಡಕು ಮನೆಮಾತಿನಲ್ಲೂ ಶಾಲೆಯ ಭಾಷೆಯಲ್ಲೂ ಕಂಡರೆ ಇನ್ನಷ್ಟು ಪರೀಕ್ಷೆ ಬೇಕು. ಶಾಲೆಯ ಭಾಷೆಯಲ್ಲಿ ಮಾತ್ರ ಕಂಡರೆ ಮಗುವಿಗೆ ಬೇಕಿರುವುದು ಬಹುಪಾಲು ಸಮಯ ಮತ್ತು ರೂಢಿ.

ಈ ಎಚ್ಚರ ಕನ್ನಡನಾಡಿಗೆ ಹೊಸತಲ್ಲ. 1905ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಬಿನೆ ಬುದ್ಧಿಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಧಾರವಾಡದ ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ಪರಿಷ್ಕರಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ದೇಶದ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ.

ಓದು ಮುಗಿದ ಮೇಲೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಕರ್ನಾಟಕದ ಸರ್ಕಾರಿ ವ್ಯವಸ್ಥೆಯಲ್ಲಿ ಈ ಕೆಲಸ ಮಾಡುವವರನ್ನು ಬಿಐಇಆರ್‌ಟಿ (ಬ್ಲಾಕ್ ಇನ್‌ಕ್ಲೂಸಿವ್ ಎಜುಕೇಷನ್ ರಿಸೋರ್ಸ್ ಟೀಚರ್) ಎನ್ನುತ್ತಾರೆ. ಶಾಲೆಗಳನ್ನು ಸುತ್ತುವುದಲ್ಲದೆ, ಹಾಸಿಗೆ ಬಿಟ್ಟೇಳಲಾಗದ ಮಕ್ಕಳಿಗೆ ಅವರ ಮನೆಯಲ್ಲೇ ಕಲಿಸುವುದೂ ಇವರ ಹೊಣೆ.

ಈ ಓದಿಗೆ ಸೇರುವವರು ಮೊದಲು ಎರಡನ್ನು ವಿಚಾರಿಸಬೇಕು: ಕೋರ್ಸಿಗೆ ಆರ್‌ಸಿಐ ಮಾನ್ಯತೆ ಇದೆಯೇ, ಅಭ್ಯಾಸಕ್ಕೆ ಮಕ್ಕಳಿರುವ ಶಾಲೆ ಅದಕ್ಕಿದೆಯೇ. ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಕೆಲಸ ಮಾಡುವ ಆಸೆಯಿದ್ದರೆ, ಮಗುವಿನ ಮನೆಮಾತನ್ನೂ ನಾಲ್ಕು ಮಾತಿನಷ್ಟಾದರೂ ಕಲಿತುಕೊಳ್ಳಬೇಕು. ಅದು ಯಾವ ಪಠ್ಯಕ್ರಮದಲ್ಲಿ ಇರಲಿ ಇಲ್ಲದಿರಲಿ, ಆ ನಾಲ್ಕು ಮಾತಿಲ್ಲದೆ ಅಲ್ಲಿ ಅಳತೆ ಸರಿಬಾರದು.