ಅಡುಗೆಮನೆ ಕಾಯುತ್ತೀರೋ, ಗೇಟು ಕಾಯುತ್ತೀರೋ?

‘ಮೇಡಂ, ಲ್ಯಾಬ್ ತರೂಣೋ, ಮುಧೋಳ ತರೂಣೋ? ನೀವ ಹೇಳಿಬಿಡ್ರಿ.’

ಧಾರವಾಡದಲ್ಲಿ ಸಾಕುಪ್ರಾಣಿಗಳ ಕ್ಲಿನಿಕ್ ನಡೆಸುವ ನನಗೆ ಈ ಪ್ರಶ್ನೆ ಹೊಸದಲ್ಲ. ಕೇಳಲು ಬರುವ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಣ ಇರುತ್ತವೆ. ‘777 ಚಾರ್ಲಿ’ ನೋಡಿ ಕಣ್ಣೀರು ಹಾಕಿದ ಮಕ್ಕಳದು ಲ್ಯಾಬ್ರಡಾರ್ ಪಕ್ಷ. ‘ನಮ್ಮ ಸೀಮಿ ನಾಯಿ ಬಿಟ್ಟು ಇಂಗ್ಲಿಷರ ನಾಯಿ ಯಾಕ್ ಬೇಕು?’ ಎನ್ನುವ ಬಾಗಲಕೋಟೆ ಕಡೆಯ ಅಜ್ಜನದು, ಕಾಕಾನದು ಮುಧೋಳ ಪಕ್ಷ. ನಡುವೆ ಸಿಕ್ಕಿಬಿದ್ದ ಅಪ್ಪ-ಅಮ್ಮ ತೀರ್ಪಿಗಾಗಿ ನನ್ನ ಮುಂದೆ ಕೂರುತ್ತಾರೆ.

ನಾನು ನಾಯಿಯ ಮಾತು ತೆಗೆಯುವುದು ಆಮೇಲೆ. ಮೊದಲು ಮನೆಯ ಬಗ್ಗೆ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮಲ್ಲಿ ಯಾರು ಯಾರು ಯಾವ ಹೊತ್ತಿಗೆ ಏನು ತಿನ್ನುತ್ತಾರೆ? ಹೊರಗಿನ ಗೇಟು ದಿನಕ್ಕೆ ಎಷ್ಟು ಸಲ ತೆರೆದೇ ಉಳಿಯುತ್ತದೆ? ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಆದರೆ ನನ್ನ ಟೇಬಲ್ ಮೇಲೆ ಬರುವ ಲ್ಯಾಬ್‌ಗಳ ಹೆಚ್ಚಿನ ತೊಂದರೆ ಹುಟ್ಟುವುದು ಅಡುಗೆಮನೆಯಲ್ಲಿ, ಮುಧೋಳಗಳದು ಗೇಟಿನಲ್ಲಿ. ಎರಡೂ ಒಳ್ಳೆಯ ನಾಯಿಗಳೇ. ಯಾವುದನ್ನು ಕಾಯುವುದು ನಿಮ್ಮ ಕೈಲಾಗುತ್ತದೆ ಎಂಬುದರ ಮೇಲೆ ಆಯ್ಕೆ ನಿಂತಿದೆ.

ಒಂದು ಕೈ ನೋಡುತ್ತದೆ, ಇನ್ನೊಂದು ದಿಗಂತ ನೋಡುತ್ತದೆ

ಲ್ಯಾಬ್ರಡಾರಿನ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್. ಅಲ್ಲಿನ ಮೀನುಗಾರರ ಜೊತೆ ತಣ್ಣೀರಿನಲ್ಲಿ ಈಜಿ ದುಡಿಯುತ್ತಿದ್ದ ನಾಯಿಗಳನ್ನು 19ನೇ ಶತಮಾನದಲ್ಲಿ ಬ್ರಿಟನ್ನಿನ ಶ್ರೀಮಂತರು ತರಿಸಿಕೊಂಡರು. ಗುಂಡು ತಗುಲಿ ಕೆರೆಗೆ ಬಿದ್ದ ಬಾತುಕೋಳಿಯನ್ನು ಹಲ್ಲು ನಾಟದಂತೆ ಕಚ್ಚಿ ತಂದು ಒಡೆಯನ ಕೈಗೆ ಒಪ್ಪಿಸುವ ಕೆಲಸಕ್ಕೆ ಅವನ್ನು ತಲೆಮಾರುಗಟ್ಟಲೆ ಆರಿಸಿ ಬೆಳೆಸಿದರು. 1903ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಇದನ್ನು ತಳಿಯೆಂದು ಮಾನ್ಯ ಮಾಡಿತು. ಈ ಕೆಲಸ ಮಾಡುವ ನಾಯಿ ಸದಾ ಮನುಷ್ಯನ ಮುಖ ನೋಡಬೇಕು, ಕೈಸನ್ನೆಗೆ ಕಾಯಬೇಕು, ತಂದದ್ದನ್ನು ಬಿಟ್ಟುಕೊಡಬೇಕು. ನಿಮ್ಮ ಮನೆಯ ಲ್ಯಾಬ್ ದಿನವಿಡೀ ಕಾಲಿಗೆ ಸುತ್ತಿಕೊಳ್ಳುವುದು, ಬಾಗಿಲ ಬಳಿಯ ಚಪ್ಪಲಿಯನ್ನು ಬಾಯಲ್ಲಿಟ್ಟುಕೊಂಡು ಬಂದವರನ್ನು ಸ್ವಾಗತಿಸುವುದು, ಎಲ್ಲವೂ ಆ ಹಳೇ ನೌಕರಿಯ ಮುಂದುವರಿಕೆ.

ಮುಧೋಳದ ನೌಕರಿಯೇ ಬೇರೆ. ಬಯಲುಸೀಮೆಯ ಬೇಡರು ಮೊಲದ ಬೇಟೆಗೆ ಸಾಕಿಕೊಂಡು ಬಂದ ನಾಯಿ ಇದು. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆ ಇದರ ಗುಣ ಕಂಡು ತಳಿಯನ್ನು ಜೋಪಾನ ಮಾಡಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಒಂದು ಜೋಡಿ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಆದರೆ ಮನೆಗೆ ತರುವವರು ತಿಳಿಯಬೇಕಾದ ಸಂಗತಿ ಬೇರೆಯೇ ಇದೆ. ಬಯಲಿನಲ್ಲಿ ದೂರದ ಅಲುಗಾಟ ಕಣ್ಣಿಗೆ ಬಿದ್ದೊಡನೆ ಈ ನಾಯಿ ಒಡೆಯನ ಅಪ್ಪಣೆಗೆ ಕಾಯುವಂತಿರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಮೊಲ ಮಾಯ. ನೋಡು, ನಿರ್ಧರಿಸು, ಓಡು. ಈ ಮೂರನ್ನೂ ತಾನೇ ಮಾಡುವ ನಾಯಿಯನ್ನೇ ಬೇಟೆಗಾರರು ಆರಿಸುತ್ತ ಬಂದರು.

ಹಾಗೆಂದು ಇದಕ್ಕೆ ಬುದ್ಧಿ ಕಡಿಮೆ ಎನ್ನುವವರ ಮಾತು ನಂಬಬೇಡಿ. 2016ರಲ್ಲಿ ಭಾರತೀಯ ಸೇನೆ ಮುಧೋಳ ಮರಿಗಳನ್ನು ಮೀರತ್ತಿನ ತನ್ನ ಕೇಂದ್ರಕ್ಕೆ ಒಯ್ದು ತರಬೇತಿಗೆ ತೆಗೆದುಕೊಂಡಿತು. ಕಲಿಯುತ್ತದೆ, ಆದರೆ ಬೈಗುಳಕ್ಕೆ ಮುದುಡಿಕೊಳ್ಳುತ್ತದೆ. ಒಂದೇ ಪಾಠವನ್ನು ಹತ್ತು ಸಲ ಹೇಳಿದರೆ ಬೇಸತ್ತು ಅತ್ತ ಹೋಗಿ ಮಲಗುತ್ತದೆ. ಲ್ಯಾಬ್‌ಗೆ ಮಾತ್ರ ಕೈಯಲ್ಲೊಂದು ತಿನಿಸಿದ್ದರೆ ಹನ್ನೊಂದನೆಯ ಸಲವೂ ಅದೇ ಉತ್ಸಾಹ.

ಲ್ಯಾಬ್ ಮನೆಯ ಲೆಕ್ಕ

ನಾಲ್ಕು ವರ್ಷದ ಗಂಡು ಲ್ಯಾಬ್ ಒಂದನ್ನು ಕುಂಟುತ್ತಿದೆ ಎಂದು ಕರೆತಂದಿದ್ದರು. ತಕ್ಕಡಿ 44 ಕಿಲೋ ತೋರಿಸಿತು. ಗಂಡು ಲ್ಯಾಬ್ 29ರಿಂದ 36 ಕಿಲೋ, ಹೆಣ್ಣು 25ರಿಂದ 32 ಕಿಲೋ ಇದ್ದರೆ ಸರಿ.

‘ಏನ್ ಹಾಕ್ತೀರಿ?’

‘ಮುಂಜಾನೆ ಒಂದ್ ವಾಟಿ, ಸಂಜಿಗೆ ಒಂದ್ ವಾಟಿ ಅಷ್ಟ ರೀ ಮೇಡಂ. ಮತ್ತೇನೂ ಇಲ್ಲ,’ ಅಂದರು ಯಜಮಾನರು.

ಪಕ್ಕದಲ್ಲಿದ್ದ ಮಗಳು ಸುಮ್ಮನಿರಲಿಲ್ಲ. ‘ಅಜ್ಜಿ ಚಾ ಕುಡಿಯೋವಾಗ ಬಿಸ್ಕತ್ ಕೊಡ್ತಾಳ. ಅವ್ವ ರೊಟ್ಟಿ ಬಡಿಯೋವಾಗ ಮೊದಲನೇದು ಅದಕ್ಕ. ಪಪ್ಪಾ, ನೀವು ರಾತ್ರಿ ಮೊಸರನ್ನ ಹಾಕೂದಿಲ್ಲೇನು?’

ಮೂವರೂ ಪ್ರೀತಿಯಿಂದಲೇ ಕೊಟ್ಟಿದ್ದರು, ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಲ್ಯಾಬ್ ಯಾರಿಗೂ ಬೇಡ ಅನ್ನಲಿಲ್ಲ. ಅದರ ಹಸಿವಿಗೆ ದೇಹದೊಳಗೇ ಒಂದು ಕಾರಣವಿದೆ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದ ಲ್ಯಾಬ್‌ಗಳಲ್ಲಿ ಸುಮಾರು ಕಾಲುಭಾಗದ ನಾಯಿಗಳಲ್ಲಿ ಪಿಒಎಂಸಿ ಎಂಬ ಜೀನಿನ ಒಂದು ತುಣುಕು ಬಿಟ್ಟುಹೋಗಿತ್ತು. ‘ಹೊಟ್ಟೆ ತುಂಬಿತು’ ಎಂದು ಮಿದುಳಿಗೆ ಹೇಳುವ ವ್ಯವಸ್ಥೆಯಲ್ಲಿ ಈ ಜೀನಿಗೆ ಪಾಲಿದೆ. ಅಂಥ ನಾಯಿ ಉಂಡೆದ್ದ ಮೇಲೂ ನಿಮ್ಮ ತಟ್ಟೆಯತ್ತ ನೋಡುವುದು ನಾಟಕವಲ್ಲ, ಅದಕ್ಕೆ ನಿಜವಾಗಿಯೂ ಹಸಿವು. ತಡೆಯುವ ಕೆಲಸ ನಿಮ್ಮದು.

ತಡೆದರೆ ಸಿಗುವ ಲಾಭ ಸಣ್ಣದಲ್ಲ. ಅಮೆರಿಕದಲ್ಲಿ 48 ಲ್ಯಾಬ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಒಂದೇ ಸೂಲಿನ ಮರಿಗಳನ್ನು ಜೋಡಿ ಮಾಡಿ, ಒಂದಕ್ಕೆ ಕೊಟ್ಟದ್ದಕ್ಕಿಂತ ಶೇ 25ರಷ್ಟು ಕಡಿಮೆ ಆಹಾರವನ್ನು ಇನ್ನೊಂದಕ್ಕೆ ಕೊಟ್ಟರು. ತೆಳ್ಳಗೆ ಬೆಳೆದವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು, ಅವಕ್ಕೆ ಕೀಲುನೋವೂ ತಡವಾಗಿ ಬಂತು. ಹದಿಮೂರು ವರ್ಷ ಬದುಕುವ ಪ್ರಾಣಿಗೆ ಎರಡು ವರ್ಷ ಎಂದರೆ ಎಷ್ಟು ಎಂದು ನೀವೇ ಲೆಕ್ಕ ಹಾಕಿ. ಸೊಂಟದ ಕೀಲು ಸಡಿಲವಾಗುವ ಹಿಪ್ ಡಿಸ್‌ಪ್ಲೇಸಿಯಾ ಈ ತಳಿಗೆ ವಂಶದಿಂದಲೇ ಬರುವ ಕಾಯಿಲೆ. ತೂಕ ಏರಿದಷ್ಟೂ ಅದು ಬೇಗ ಕಾಡುತ್ತದೆ.

ತಕ್ಕಡಿ ಇಲ್ಲದೆಯೂ ಮನೆಯಲ್ಲೇ ಪರೀಕ್ಷೆ ಮಾಡಬಹುದು. ನಿಮ್ಮ ಅಂಗೈಯನ್ನು ಬೋರಲಾಗಿ ಚಾಚಿ, ಇನ್ನೊಂದು ಕೈಯಿಂದ ಬೆರಳಿನ ಬುಡದ ಮೂಳೆಗಳನ್ನು ಸವರಿ. ಲ್ಯಾಬಿನ ಪಕ್ಕೆಲುಬು ಕೈಗೆ ಹಾಗೆ ತಾಗಬೇಕು. ಮುಷ್ಟಿ ಕಟ್ಟಿದಾಗ ಗೆಣ್ಣುಗಳು ಎದ್ದಂತೆ ತಾಗಿದರೆ ನಾಯಿ ಬಡಕಲು. ಅಂಗೈಯ ಮೆತ್ತಗಿನ ಭಾಗ ಒತ್ತಿದಂತಾದರೆ ಬೊಜ್ಜು. ನಮ್ಮೂರಿನ ಬಹುತೇಕ ಲ್ಯಾಬ್‌ಗಳು ಈ ಮೂರನೇ ಜಾತಿಯವು.

ಬೇಸಿಗೆಯದು ಇನ್ನೊಂದು ಚಿಂತೆ. ತಣ್ಣೀರಿಗೆಂದೇ ಬಂದ ಎರಡು ಪದರದ ಕೂದಲು ಹೊತ್ತ ನಾಯಿ ಇದು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಸೂರ್ಯ ಏರುವ ಮೊದಲೇ ಇದರ ವಾಕಿಂಗ್ ಮುಗಿಯಬೇಕು. ಕೂದಲು ವರ್ಷವಿಡೀ ಉದುರುತ್ತದೆ, ಸೋಫಾಕ್ಕೂ ಸೀರೆಗೂ ಕಡೆಗೆ ಸಾರಿನ ಪಾತ್ರೆಗೂ. ಮಡಿ-ಮೈಲಿಗೆ ನೋಡುವ ಅತ್ತೆ ಮನೆಯಲ್ಲಿದ್ದರೆ ಮೊದಲೇ ಅವರ ಒಪ್ಪಿಗೆ ಪಡೆಯಿರಿ.

ಮುಧೋಳ ಮನೆಯ ಲೆಕ್ಕ

ಮುಧೋಳದ ವಿಷಯದಲ್ಲಿ ನನಗೆ ಬರುವ ದೂರು ಉಲ್ಟಾ. ‘ಎಷ್ಟು ಹಾಕಿದ್ರೂ ಮೈ ಹತ್ತೂದಿಲ್ಲ ಮೇಡಂ. ಬಂದವರು ನಾಯಿ ಉಪವಾಸ ಕೆಡವೀರೇನು ಅಂತ ಕೇಳ್ತಾರ.’ ಭುಜದ ಹತ್ತಿರ 70 ಸೆಂಟಿಮೀಟರ್ ಆಸುಪಾಸು ನಿಲ್ಲುವ ಗಂಡು ಮುಧೋಳದ ತೂಕ 28 ಕಿಲೋ ಮೀರುವುದು ಕಡಿಮೆ. ಕೊನೆಯ ಪಕ್ಕೆಲುಬುಗಳು, ಸೊಂಟದ ಮೂಳೆಯ ತುದಿ ಕಣ್ಣಿಗೆ ಕಾಣುವುದೇ ಅದರ ಆರೋಗ್ಯ. ಊರ ಕಡೆ ಜೋಳದ ರೊಟ್ಟಿ, ಹಾಲು, ತತ್ತಿ ತಿಂದೇ ಗಟ್ಟಿಮುಟ್ಟಾಗಿವೆ. ನೆಂಟರ ಮಾತು ಕೇಳಿ ತುರುಕಬೇಡಿ.

ಇದರ ಅಪಾಯ ಇರುವುದು ಗೇಟಿನಲ್ಲಿ. ಊರ ಹೊರಗಿನ ಲೇಔಟಿನಿಂದ ಒಂದು ಹೆಣ್ಣು ಮುಧೋಳವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದರು. ಹಾಲಿನವನು ಗೇಟು ಎಳೆಯದೆ ಹೋಗಿದ್ದ. ಎದುರಿನ ಖಾಲಿ ಸೈಟಿನಲ್ಲಿ ಬೆಕ್ಕು ಓಡಿತ್ತು. ನಡುವೆ ಮುಳ್ಳುತಂತಿ. ತೊಡೆಯ ಚರ್ಮ ಗೇಣುದ್ದ ಹರಿದು ಜೋತಾಡುತ್ತಿತ್ತು. ‘ಹೆಸರ ಹಿಡಿದು ಕೂಗೇ ಕೂಗಿದ್ವಿ, ಹೊಳ್ಳಿ ನೋಡಲಿಲ್ಲ’ ಎಂದು ಆ ಅಕ್ಕ ಅಳುತ್ತಿದ್ದರು. ನೋಡುವುದಿಲ್ಲ. ಓಟಕ್ಕೆ ಬಿದ್ದ ಬೇಟೆನಾಯಿಗೆ ಆ ಕ್ಷಣ ಹೆಸರೂ ಇಲ್ಲ, ಮನೆಯೂ ಇಲ್ಲ. ಹೊಲಿಗೆ ಹಾಕುವಾಗ ನಾನು ಅವರಿಗೆ ತೋರಿಸಿದೆ: ಇದರ ಚರ್ಮ ತೆಳು, ಅಡಿಯಲ್ಲಿ ಕೊಬ್ಬಿನ ಪದರ ಇಲ್ಲವೇ ಇಲ್ಲ ಎನ್ನುವಷ್ಟು. ಲ್ಯಾಬಿಗೆ ಗೀರು ಬೀಳುವ ಕಡೆ ಇದಕ್ಕೆ ಸೀಳೇ ಬೀಳುತ್ತದೆ.

ಇದೇ ಕಾರಣಕ್ಕೆ ಅರಿವಳಿಕೆ ಕೊಡುವಾಗಲೂ ಎಚ್ಚರ ಬೇಕು. ಗ್ರೇಹೌಂಡ್‌ನಂಥ ತೆಳು ಮೈಯ ಓಟದ ನಾಯಿಗಳು ಕೆಲವು ಹಳೆಯ ಅರಿವಳಿಕೆ ಔಷಧಗಳಿಂದ ಎಚ್ಚರಗೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತವೆ. ಮುಧೋಳಕ್ಕೂ ನಾವು ಅದೇ ಜಾಗ್ರತೆ ವಹಿಸುತ್ತೇವೆ. ಆಪರೇಷನ್‌ಗೆ ಒಯ್ದಾಗ ‘ಇದು ಮುಧೋಳ’ ಎಂದು ಬಾಯಿಬಿಟ್ಟು ಹೇಳಿ.

ಕೊರಳಪಟ್ಟಿಯ ವಿಷಯ ಇನ್ನಷ್ಟು ಜನಕ್ಕೆ ಗೊತ್ತಿರಬೇಕಿತ್ತು. ಇದರ ತಲೆ ಸಪೂರ, ಕತ್ತು ಹೆಚ್ಚುಕಡಿಮೆ ಅಷ್ಟೇ ದಪ್ಪ. ಬೆದರಿ ಹಿಂದಕ್ಕೆ ಜಗ್ಗಿತೆಂದರೆ ಮಾಮೂಲಿ ಪಟ್ಟಿ ಕಿವಿ ದಾಟಿ ಕಳಚಿ, ಪಟ್ಟಿ ನಿಮ್ಮ ಕೈಯಲ್ಲಿ, ನಾಯಿ ರಸ್ತೆಯಲ್ಲಿ. ಎಳೆದಾಗ ತಾನೇ ಬಿಗಿಯುವ ಅಗಲವಾದ ಮಾರ್ಟಿಂಗೇಲ್ ಪಟ್ಟಿ ಅಥವಾ ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ. ಟೈಲ್ಸ್ ಮೇಲೆ ಮಲಗಿದರೆ ಮೊಣಕೈ ಸವೆದು ಗಾಯವಾಗುತ್ತದೆ, ಕೌದಿ ಹಾಸಿ. ಧಾರವಾಡದ ಜುಲೈ ಜಿಟಿಜಿಟಿಯಲ್ಲಿ ಅದನ್ನು ಹೊದೆಯಲಿಕ್ಕೂ ಕೊಡಿ.

ಇಷ್ಟೆಲ್ಲ ಮಾಡಿದರೆ ಒಳಗಿನ ಮುಧೋಳ ಬಲು ಸುಮ್ಮನಿರುವ ಪ್ರಾಣಿ. ಬೆಳಿಗ್ಗೆ ಸಂಜೆ ಬೇಲಿ ಇರುವ ಜಾಗದಲ್ಲಿ ಜೋರಾಗಿ ಓಡಿಸಿದರೆ ಉಳಿದ ಹೊತ್ತು ಮಲಗಿಯೇ ಕಳೆಯುತ್ತದೆ. ಕೂದಲು ಕಡಿಮೆ, ವಾಸನೆ ಕಡಿಮೆ. ಮನೆಯವರಿಗೆ ಮಾತ್ರ ತನ್ನನ್ನು ಒಪ್ಪಿಸಿಕೊಳ್ಳುತ್ತದೆ, ಬಂದವರು ಬೆನ್ನು ಸವರಲು ಹೋದರೆ ಪಕ್ಕಕ್ಕೆ ಸರಿಯುತ್ತದೆ. ಗಣೇಶ ಚೌತಿಗೆ ಮನೆ ತುಂಬ ನೆಂಟರಿದ್ದರೆ ಅದಕ್ಕೊಂದು ಕೋಣೆ ಬಿಟ್ಟುಕೊಡಿ. ಅದೇ ಹಬ್ಬದಲ್ಲಿ ಲ್ಯಾಬ್ ಮೋದಕದ ತಟ್ಟೆಯ ಹತ್ತಿರವೇ ಇರುತ್ತದೆ.

ಕೊಳ್ಳುವ ಮುಂಚೆ

ಮಕ್ಕಳಿರುವ ಮನೆಗೆ ಲ್ಯಾಬ್ ಎಂಬ ಮಾತು ಬಹುಮಟ್ಟಿಗೆ ನಿಜ. ಆದರೆ ಎರಡು ವರ್ಷ ತುಂಬುವವರೆಗೆ ಅದು ಮೂವತ್ತು ಕಿಲೋದ ತುಂಟ. ಅಂಬೆಗಾಲಿಡುವ ಮಗುವನ್ನೂ ಕೋಲೂರಿ ನಡೆಯುವ ಅಜ್ಜನನ್ನೂ ಪ್ರೀತಿಯಿಂದಲೇ ಕೆಡವಿಬಿಡುತ್ತದೆ. ಮುಧೋಳ ಜಗ್ಗುವುದು ಕಡಿಮೆ, ಆದರೆ ಮಲಗಿದ್ದಾಗ ಮೈಮೇಲೆ ಬೀಳುವ ಮಕ್ಕಳನ್ನು ಸಹಿಸುವುದಿಲ್ಲ. ಮನೆಯಲ್ಲಿ ಕೋಳಿ, ಮೊಲ, ಬೆಕ್ಕು ಇದ್ದರೆ ಮುಧೋಳದ ಯೋಚನೆ ಬಿಡುವುದು ಲೇಸು.

ಮರಿ ಎಲ್ಲಿ ತರುತ್ತೀರಿ ಎಂಬುದೂ ತಳಿಯಷ್ಟೇ ಮುಖ್ಯ. ರಕ್ತಸಂಬಂಧದ ನಾಯಿಗಳನ್ನೇ ಮತ್ತೆ ಮತ್ತೆ ಕೂಡಿಸಿ ಮರಿ ಮಾರುವ ದಂಧೆಯ ಫಲ ಏನೆಂದು ‘ಚಾರ್ಲಿ’ ಚಿತ್ರವೇ ತೋರಿಸಿದೆ. ಚಿತ್ರ ನೋಡಿ ಲ್ಯಾಬ್ ಕೇಳುವವರು ಆ ಭಾಗ ಮರೆಯುತ್ತಾರೆ. 2017ರ ಕೇಂದ್ರದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ತಳಿ ಬೆಳೆಸುವವರು ನೋಂದಣಿ ಮಾಡಿಸಿರಬೇಕು. ತಾಯಿನಾಯಿಯನ್ನು ಕಣ್ಣಾರೆ ನೋಡದೆ ದುಡ್ಡು ಕೊಡಬೇಡಿ. ಲ್ಯಾಬ್ ಆದರೆ ತಂದೆ-ತಾಯಿಯ ಸೊಂಟದ ಎಕ್ಸ್-ರೇ ಕೇಳಿ. ಮುಧೋಳ ಬೇಕಾದವರಿಗೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಸುತ್ತಲಿನ ಹಳ್ಳಿಗಳಲ್ಲಿ ತಲೆಮಾರುಗಳಿಂದ ಸಾಕಿದ ಮನೆಗಳೂ ಇವೆ. ಬೆರಕೆ ಮರಿಯನ್ನು ಅಸಲಿ ಎಂದು ತಗಲಿಸುವವರೂ ಇದ್ದಾರೆ, ಹಾಗಾಗಿ ತಿಳಿದವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಯಾವ ಮರಿ ತಂದರೂ ಪಾರ್ವೊ, ಡಿಸ್ಟೆಂಪರ್, ರೇಬಿಸ್ ಲಸಿಕೆ ತಪ್ಪಿಸಬೇಡಿ, ಉಣ್ಣಿಗೆ ಔಷಧ ಹಾಕುವುದನ್ನು ಮರೆಯಬೇಡಿ. ಉಣ್ಣಿ ಜ್ವರ ತಳಿ ನೋಡಿ ಬರುವುದಿಲ್ಲ.

ಇಷ್ಟಾದ ಮೇಲೂ ಎರಡು ಬಣ ಜಗ್ಗಾಡುತ್ತಿದ್ದರೆ ನಾನು ಒಂದು ಹೋಂವರ್ಕ್ ಕೊಟ್ಟು ಕಳಿಸುತ್ತೇನೆ. ನಾಯಿ ತರುವ ಮೊದಲು ಎಂಟು ದಿನ ಫ್ರಿಜ್ಜಿನ ಮೇಲೊಂದು ಹಾಳೆ ಅಂಟಿಸಿ, ಎರಡು ಕಾಲಂ ಎಳೆಯಿರಿ. ಊಟ-ತಿಂಡಿಯ ಹೊತ್ತು ಬಿಟ್ಟು ಮನೆಯಲ್ಲಿ ಯಾರೇ ಏನೇ ಬಾಯಿಗೆ ಹಾಕಿಕೊಂಡರೂ ಒಂದು ಗೀಟು. ಗೇಟು ತೆರೆದಿರುವುದು ಯಾರ ಕಣ್ಣಿಗೆ ಬಿದ್ದರೂ ಇನ್ನೊಂದು ಕಾಲಂನಲ್ಲಿ ಗೀಟು. ತಿನ್ನುವ ಗೀಟುಗಳೇ ಜಾಸ್ತಿಯಾದ ಮನೆಗೆ ಮುಧೋಳ ಒಗ್ಗುತ್ತದೆ, ಗೇಟಿನ ಗೀಟುಗಳೇ ಜಾಸ್ತಿಯಾದ ಮನೆಗೆ ಲ್ಯಾಬ್. ಮೂರನೇ ಮಹಡಿಯ ಫ್ಲ್ಯಾಟಿನವರು ಗೇಟಿನ ಬದಲು ಲಿಫ್ಟಿನ ಬಾಗಿಲು, ಬಾಲ್ಕನಿ ಎಂದು ಓದಿಕೊಳ್ಳಬಹುದು.

ಎರಡೂ ಕಾಲಂ ತುಂಬಿದರೆ ಏನು ಮಾಡುವುದು ಎಂದು ಕೇಳುತ್ತಾರೆ. ಈ ವರ್ಷ ನಾಯಿ ಬೇಡ ಅನ್ನುತ್ತೇನೆ. ಹಾಳೆ ತುಂಬಿಸುವುದನ್ನು ನಾಲ್ಕನೇ ದಿನಕ್ಕೇ ಮರೆತವರಿಗೂ ಅದೇ ಉತ್ತರ. ಎಂಟು ದಿನದ ಹಾಳೆಯೇ ಬೇಸರವಾದ ಮನೆಗೆ ಹನ್ನೆರಡು-ಹದಿಮೂರು ವರ್ಷದ ಪ್ರಾಣಿ ಹೊರೆಯೇ ಆಗುತ್ತದೆ. ಹಾಳೆ ಪೂರ್ತಿ ಮಾಡಿ ತಂದವರಿಗೆ ಮಾತ್ರ ಲಸಿಕೆಯ ಕಾರ್ಡು ಬರೆದುಕೊಡುವಾಗ ನನಗೆ ಧೈರ್ಯ: ಇವರು ತಂದದ್ದು ಯಾವ ತಳಿಯಾದರೂ, ಬೂಸ್ಟರ್ ದಿನಕ್ಕೆ ಸರಿಯಾಗಿ ಬರುತ್ತಾರೆ.