ಅಲೆ ಎಣಿಸುತ್ತಿದ್ದ ಎಂಜಿನಿಯರ್

ಟ್ವೀಡ್ ನದಿಯ ದಂಡೆಯ ಮೇಲೆ ಅಪ್ಪ, ಮಗ ನಿಂತಿದ್ದಾರೆ. ಸ್ಕಾಟ್ಲೆಂಡಿನ ಹಸಿರು ಗುಡ್ಡಗಳ ನಡುವೆ ನೀರು ಕಲ್ಲಿಂದ ಕಲ್ಲಿಗೆ ಜಾರಿ, ಮಡುವಿನಲ್ಲಿ ಒಂದು ಸುತ್ತು ತಿರುಗಿ, ಮತ್ತೆ ಮುಂದಕ್ಕೆ ಓಡುತ್ತಿದೆ. ಅಪ್ಪನ ಕಣ್ಣು ದಂಡೆಯ ಬುಡದ ಮೇಲೆ ನೆಟ್ಟಿದೆ. ಇಲ್ಲಿ ಮಣ್ಣು ಕೊರೆಯುತ್ತಿದೆಯಲ್ಲ, ಯಾಕೆ? ಇಲ್ಲೊಂದು ಅಡ್ಡಗಟ್ಟೆ ಚಾಚಿದರೆ ನಡುಹರಿವು ಎತ್ತ ತಿರುಗೀತು? ಆಚೆ ದಡಕ್ಕೆ ಬಡಿದು ಏನು ಮಾಡೀತು? ಆ ಬಂಡೆಯನ್ನು ಸಿಡಿಸಿಬಿಟ್ಟರೆ? ಒಂದರ ಹಿಂದೊಂದು ಪ್ರಶ್ನೆ. ಮಗನಿಗೆ ಒಂದಕ್ಕೂ ಉತ್ತರ ಹೊಳೆಯುವುದಿಲ್ಲ. ಅವನಿಗೆ ಕಾಣುವುದು ಚೆಂದದೊಂದು ಹೊಳೆ, ಅಷ್ಟೇ. ಇಡೀ ಮಧ್ಯಾಹ್ನ ಹೀಗೇ ಕಳೆಯುತ್ತಿತ್ತು. ಮಗನಿಗೆ ಬೇಸರ, ಅಪ್ಪನಿಗೆ ಒಳಗೊಳಗೇ ಸಂಕಟ. ಆ ಸಂಕಟ ಎಷ್ಟಿತ್ತೆಂದು ಮಗ ಅರಿತು ಬರೆದದ್ದು ಅಪ್ಪ ತೀರಿಕೊಂಡ ಮೇಲೆ.

ಅಪ್ಪ ಥಾಮಸ್ ಸ್ಟೀವನ್‌ಸನ್, ದೀಪಸ್ತಂಭಗಳ ಎಂಜಿನಿಯರ್. ಮಗ ರಾಬರ್ಟ್ ಲೂಯಿ ಸ್ಟೀವನ್‌ಸನ್, ‘ಟ್ರೆಷರ್ ಐಲೆಂಡ್’ ಬರೆದವನು. ಮಗನನ್ನು ಓದಿದ ನಮ್ಮಲ್ಲಿ ಅಪ್ಪನ ಹೆಸರು ಕೇಳಿದವರು ಕಡಿಮೆ. ಅದು ನ್ಯಾಯವಲ್ಲ ಎಂದು ನನಗೆ ಬಹಳ ಸಲ ಅನ್ನಿಸಿದೆ.

ಥಾಮಸ್ ಹುಟ್ಟಿದ್ದು 1818ರಲ್ಲಿ, ಎಡಿನ್‌ಬರೋ ನಗರದಲ್ಲಿ, ಮನೆಯ ಕಿರಿಮಗನಾಗಿ. ಅವನ ತಂದೆ ರಾಬರ್ಟ್ ಎರಡು ವರ್ಷದ ಕೂಸಾಗಿದ್ದಾಗಲೇ ಅಪ್ಪನನ್ನು ಕಳೆದುಕೊಂಡಿದ್ದ. ವೆಸ್ಟ್ ಇಂಡೀಸ್‌ಗೆ ವ್ಯಾಪಾರಕ್ಕೆ ಹೋದವನು ಜ್ವರಕ್ಕೆ ತುತ್ತಾಗಿದ್ದ. ತಾಯಿ ಜೀನ್ ಲಿಲ್ಲಿ ಬಡತನದಲ್ಲೇ ಮಗನನ್ನು ಸಾಕಿದಳು. ಮುಂದೆ ಆಕೆ ಕೈಹಿಡಿದದ್ದು ಥಾಮಸ್ ಸ್ಮಿತ್ ಎಂಬ ದೀಪ ತಯಾರಕನನ್ನು. ಸ್ಕಾಟ್ಲೆಂಡಿನ ದೀಪಸ್ತಂಭ ಮಂಡಳಿಗೆ ಮೊದಲ ಎಂಜಿನಿಯರ್ ಆದವನು ಅವನೇ. ರಾಬರ್ಟನಿಗೆ ಮಲತಂದೆಯೇ ಗುರುವಾದ. 1799ರಲ್ಲಿ ಸ್ಮಿತ್‌ನ ಮಗಳನ್ನೇ ಮದುವೆಯಾದ್ದರಿಂದ ಮಾವನೂ ಅವನೇ ಆದ. ಹೀಗೆ ದೀಪದ ಕೆಲಸ ಮನೆತನದ ಕೆಲಸವಾಯಿತು.

ಈ ರಾಬರ್ಟ್ ಕಟ್ಟಿದ್ದು ಬೆಲ್ ರಾಕ್. ಆರ್‌ಬ್ರೋತ್ ಊರಿನಿಂದ 18 ಕಿಲೋಮೀಟರ್ ದೂರದಲ್ಲಿ, ಭರತದ ಹೊತ್ತಿಗೆ ಪೂರ್ತಿ ಮುಳುಗಿ ಇಳಿತದಲ್ಲಿ ಮಾತ್ರ ತಲೆ ಎತ್ತುವ ಬಂಡೆಯದು. ಬೇಸಿಗೆಯಲ್ಲಿ ದಿನಕ್ಕೆ ಕೆಲವೇ ಗಂಟೆ ಕೆಲಸ. ಶುರುವಾದ ವರ್ಷವೇ, 1807ರ ಸೆಪ್ಟೆಂಬರ್‌ನಲ್ಲಿ, ಒಂದು ಬೆಳಿಗ್ಗೆ ಅವರ ಹಡಗು ಲಂಗರು ಕಿತ್ತು ತೇಲಿಹೋಯಿತು. ಬಂಡೆಯ ಮೇಲೆ 32 ಜನ. ಉಳಿದದ್ದು ಎರಡು ದೋಣಿ, ಅವುಗಳಲ್ಲಿ ಎಲ್ಲರೂ ಹಿಡಿಸುವಂತಿಲ್ಲ. ಮಂಡಿಯೂರಿ ಕಲ್ಲು ಕೊರೆಯುತ್ತಿದ್ದವರಿಗೆ ಇದು ತಿಳಿದಿಲ್ಲ. ನೀರು ಏರಿ ಬಂದಾಗ ಒಬ್ಬೊಬ್ಬರೇ ಸಲಕರಣೆ ಎತ್ತಿಕೊಂಡು ದೋಣಿಯ ಹತ್ತಿರ ಬಂದರು, ಎಣಿಸಿದರು, ಸುಮ್ಮನೆ ನಿಂತರು. ರಾಬರ್ಟ್ ಏನೋ ಹೇಳಲು ಬಾಯಿ ತೆರೆದ. ನಾಲಿಗೆ ಒಣಗಿ ಮಾತೇ ಹೊರಡಲಿಲ್ಲ. ಬಂಡೆಯ ಕುಳಿಯಲ್ಲಿ ನಿಂತಿದ್ದ ಉಪ್ಪುನೀರಿಗೇ ಬಾಗಿ ಬಾಯಿ ಒದ್ದೆ ಮಾಡಿಕೊಂಡು ತಲೆ ಎತ್ತುವಷ್ಟರಲ್ಲಿ ಯಾರೋ ‘ದೋಣಿ! ದೋಣಿ!’ ಎಂದು ಕೂಗಿದರು. ಆರ್‌ಬ್ರೋತ್‌ನಿಂದ ಕಾಗದಪತ್ರ ತರುತ್ತಿದ್ದ ಜೇಮ್ಸ್ ಸ್ಪಿಂಕ್ ಎಂಬ ನಾವಿಕ ದೇವರು ಕಳಿಸಿದಂತೆ ಬಂದಿದ್ದ. 1811ರ ಫೆಬ್ರುವರಿ 1ರಂದು ಆ ಗೋಪುರದಲ್ಲಿ ದೀಪ ಹೊತ್ತಿತು. ಇಂದಿಗೂ ಅದು ನಿಂತಿದೆ.

ಬಂಡೆಯ ಮೇಲೆ ಉಳಿದ ಜೀವಗಳ ಲೆಕ್ಕ ಹೀಗಿದ್ದರೆ, ಮನೆಯಲ್ಲಿ ಕಳೆದುಕೊಂಡ ಎಳೆಜೀವಗಳು ಹಲವು. ಬದುಕಿದ ಮಕ್ಕಳಲ್ಲಿ ಮಗಳು ಜೇನ್, ಅಪ್ಪ ಬೆಲ್ ರಾಕ್ ಗ್ರಂಥ ಬರೆಯುವಾಗ ಲಿಪಿಕಾರಳಾಗಿ ಕೂತಳು. ಹಿರಿಮಗ ಅಲನ್ ಸ್ಕೆರಿವೋರ್ ದೀಪಸ್ತಂಭ ಕಟ್ಟಿದ. ಅಷ್ಟು ಚೆಲುವಾದ ದೀಪಸ್ತಂಭ ಮತ್ತೊಂದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಸಾಹಿತ್ಯವೆಂದರೆ ಪ್ರಾಣವಾಗಿದ್ದ ಅವನನ್ನು ನಡುವಯಸ್ಸಿನಲ್ಲೇ ಪಾರ್ಶ್ವವಾಯು ಮೂಲೆಗೆ ಕೂರಿಸಿತು. ತಮ್ಮಂದಿರಾದ ಡೇವಿಡ್ ಮತ್ತು ಥಾಮಸ್ ಜೊತೆಯಾಗಿ ಕಸುಬು ಮುಂದುವರಿಸಿದರು. ಈ ಇಬ್ಬರೇ ಕರಾವಳಿಯಲ್ಲಿ ಕಟ್ಟಿದ ದೀಪಸ್ತಂಭಗಳು 27. ಭಾರತ, ನ್ಯೂಜಿಲೆಂಡ್, ಜಪಾನ್‌ಗಳ ದೀಪಸ್ತಂಭ ಮಂಡಳಿಗಳಿಗೂ ಇವರ ಸಂಸ್ಥೆಯೇ ಸಲಹೆಗಾರ ಎಂಜಿನಿಯರ್ ಆಗಿತ್ತು.

ಥಾಮಸ್‌ನ ಗೀಳು ಅಲೆ. ಕಡಲ ದಂಡೆಯಲ್ಲಿ ಗಂಟೆಗಟ್ಟಲೆ ಕೂತು ಅಲೆ ಎಣಿಸುತ್ತಿದ್ದ. ಯಾವುದು ಎಲ್ಲಿ ಮುರಿಯಿತು, ಯಾವುದು ಎತ್ತ ವಾಲಿತು ಎಂದು ಗುರುತಿಸಿಕೊಳ್ಳುತ್ತಿದ್ದ. ಅಲೆಯ ಹೊಡೆತ ಅಳೆಯಲು ತಾನೇ ಒಂದು ಉಪಕರಣ ಮಾಡಿದ. ಕಡಲಿಗೆ ಮುಖಮಾಡಿದ ಕಬ್ಬಿಣದ ಬಿಲ್ಲೆ, ಅದರ ಹಿಂದೆ ಬಿಗಿಯಾದ ಸ್ಪ್ರಿಂಗ್, ಸರಳುಗಳಿಗೆ ತೊಡಿಸಿದ ಚರ್ಮದ ಬಳೆಗಳು. ಅಲೆ ಬಡಿದಾಗ ಬಿಲ್ಲೆ ಹಿಂದೆ ಸರಿದು ಮತ್ತೆ ಮುಂದೆ ಬರುತ್ತದೆ, ಬಳೆ ಮಾತ್ರ ಸರಿದ ಜಾಗದಲ್ಲೇ ನಿಲ್ಲುತ್ತದೆ. ಬಿರುಗಾಳಿ ಇಳಿದ ಮೇಲೆ ಹೋಗಿ ನೋಡಿದರೆ ಆ ರಾತ್ರಿಯ ಅತಿ ದೊಡ್ಡ ಹೊಡೆತ ಎಷ್ಟೆಂದು ಗೊತ್ತಾಗುತ್ತದೆ. 1845ರಲ್ಲಿ ಸ್ಕೆರಿವೋರ್‌ನಲ್ಲಿ ಸಿಕ್ಕ ಅಳತೆ, ಚದರ ಅಡಿಗೆ 6,083 ಪೌಂಡ್; ನಮ್ಮ ಲೆಕ್ಕದಲ್ಲಿ 2,700 ಕಿಲೋಗೂ ಹೆಚ್ಚು. ಗಣಿತದಲ್ಲಿ ಅವನು ಅಂಥ ನಿಪುಣನಲ್ಲ. ದೀಪದ ಬೆಳಕು ಒಂದಿಷ್ಟೂ ಪೋಲಾಗದಂತೆ ಗಾಜುಗಳನ್ನು ಜೋಡಿಸುವ ವಿಧಾನ ಅವನಿಗೆ ಹೊಳೆಯುತ್ತಿತ್ತು, ಲೆಕ್ಕ ಬಿಡಿಸಿಕೊಡಲು ಪ್ರೊಫೆಸರ್ ಗೆಳೆಯರು ಬೇಕಾಗುತ್ತಿದ್ದರು.

ಅಲೆಯನ್ನು ಇಷ್ಟು ಬಲ್ಲವನನ್ನೂ ಕಡಲು ಸೋಲಿಸಿತು. ಉತ್ತರ ತುದಿಯ ವಿಕ್ ಬಂದರಿನಲ್ಲಿ ಅಣ್ಣತಮ್ಮಂದಿರು ಅಲೆತಡೆಗೋಡೆ ಕಟ್ಟತೊಡಗಿದ್ದು 1863ರಲ್ಲಿ. 1872ರ ಡಿಸೆಂಬರ್ ಬಿರುಗಾಳಿಗೆ, ಕಬ್ಬಿಣದ ಸರಳುಗಳಿಂದ ಬಿಗಿದು ಒಂದಾಗಿಸಿದ್ದ 1,350 ಟನ್ನಿನ ರಾಶಿ ಜಾಗ ಬಿಟ್ಟು ಪಕ್ಕಕ್ಕೆ ಸರಿಯಿತು. ಇನ್ನೂ ಭಾರದ್ದನ್ನು ಕೂರಿಸಿದರು. ಐದು ವರ್ಷದ ಮೇಲೆ ಅದೂ ಹೋಯಿತು. ಕೆಲಸ ಕೈಬಿಡಬೇಕಾಯಿತು. ಆದರೆ ಆ ಸೋಲಿನ ಅಂಕಿಅಂಶವನ್ನು ಥಾಮಸ್ ಮುಚ್ಚಿಡಲಿಲ್ಲ, ಬಂದರು ನಿರ್ಮಾಣದ ತನ್ನ ಪುಸ್ತಕದಲ್ಲೇ ಸೇರಿಸಿದ. ನನಗೆ ಅವನ ಮೇಲೆ ಗೌರವ ಹೆಚ್ಚಿದ್ದು ಇಲ್ಲಿ.

ಇದೇ ವಿಕ್‌ನಲ್ಲಿ, 1868ರಲ್ಲಿ, ಹದಿನೇಳರ ಲೂಯಿ ಕೆಲಸ ಕಲಿಯಲು ಬಂದಿದ್ದ. ಮುಳುಗುಗಾರರ ಉಡುಪು ತೊಟ್ಟು ಕಡಲ ತಳಕ್ಕೂ ಇಳಿದು ಬಂದ. ಅವನಿಗೆ ಹಿಡಿಸಿದ್ದು ಅದೊಂದೇ. 1871ರ ಮಾರ್ಚ್‌ನಲ್ಲಿ ದೀಪಸ್ತಂಭದ ಮಿನುಗುಬೆಳಕಿನ ಬಗ್ಗೆ ಪ್ರಬಂಧ ಓದಿದ. ಅದಕ್ಕೆ ಬೆಳ್ಳಿಪದಕವೂ ಬಂತು. ಮರುತಿಂಗಳೇ ಅಪ್ಪನ ಜೊತೆ ನಡೆಯುತ್ತ, ನನಗೆ ಎಂಜಿನಿಯರಿಂಗ್ ಬೇಡ, ಬರೆಯುತ್ತೇನೆ ಎಂದ. ಮೂರು ತಲೆಮಾರಿನ ಕೆಲಸ ತನ್ನ ಕವಲಿನಲ್ಲಿ ಒಬ್ಬನೇ ಮಗನಿಗೆ ನಿಂತುಹೋಗುತ್ತಿದೆ. ಥಾಮಸ್ ಕೂಗಾಡಲಿಲ್ಲ. ಹೊಟ್ಟೆಪಾಡಿಗಿರಲಿ, ಕಾನೂನು ಓದು ಎಂದಷ್ಟೇ ಹೇಳಿದ. ಆಮೇಲೆ ಧರ್ಮದ ವಿಷಯಕ್ಕೆ ಇಬ್ಬರಿಗೂ ಕಹಿ ಜಗಳಗಳಾದವು, ಆದರೂ ಅಪ್ಪ ಮಗನನ್ನು ಕೈಬಿಡಲಿಲ್ಲ.

ಮಗನಿಗೆ ಕತೆಯ ಹುಚ್ಚು ಬಂದದ್ದಾದರೂ ಎಲ್ಲಿಂದ? ಹೆರಿಯಟ್ ರೋ ಬೀದಿಯ ಮನೆಯಲ್ಲಿ ರೋಗಿಷ್ಠ ಹುಡುಗ ಕೆಮ್ಮುತ್ತ, ಹೆದರುತ್ತ ನಿದ್ದೆಯಿಲ್ಲದೆ ಹೊರಳಾಡುತ್ತಿದ್ದ. ತಾಯಿ ಮಾರ್ಗರೆಟ್‌ಗೂ ಆರೋಗ್ಯ ಅಷ್ಟಕ್ಕಷ್ಟೆ. ಆಗ ಅಪ್ಪ ಬಂದು ಹತ್ತಿರ ನಿಂತು ಸಾರೋಟಿನವನ ಜೊತೆ, ಛತ್ರದವನ ಜೊತೆ ಮಾತಾಡುವಂತೆ ಇಲ್ಲದ ಸಂಭಾಷಣೆ ಕಟ್ಟುತ್ತಿದ್ದ, ಹುಡುಗ ಕಣ್ಣು ಮುಚ್ಚುವವರೆಗೂ. ಥಾಮಸ್ ತಾನು ನಿದ್ದೆಹೋಗುತ್ತಿದ್ದುದೂ ಹಡಗು, ದಾರಿಬದಿಯ ಛತ್ರ, ಕಳ್ಳರು, ಮುದಿ ನಾವಿಕರ ಕತೆ ತನಗೆ ತಾನೇ ಹೇಳಿಕೊಂಡು. 1881ರಲ್ಲಿ ಮಗ ‘ಟ್ರೆಷರ್ ಐಲೆಂಡ್’ ಶುರುಮಾಡಿದಾಗ ಅರವತ್ತು ದಾಟಿದ್ದ ಎಂಜಿನಿಯರ್ ಹುಡುಗನಂತಾದ. ಕತೆಯ ಮುದಿ ನಾವಿಕ ಬಿಲ್ಲಿ ಬೋನ್ಸ್‌ನ ಪೆಟ್ಟಿಗೆಯಲ್ಲಿ ಏನೇನಿರಬೇಕೆಂದು ಒಂದು ಲಕೋಟೆಯ ಹಿಂದೆ ಪಟ್ಟಿ ಬರೆದುಕೊಟ್ಟ. ಮಗ ಅದನ್ನು ಹಾಗೆಯೇ ಕತೆಗೆ ಇಳಿಸಿದ.

1887ರ ಮೇ 8ರಂದು ಥಾಮಸ್ ತೀರಿಕೊಂಡ. ಕೊನೆಯಲ್ಲಿ ಮಗನ ಗುರುತೂ ಸಿಗಲಿಲ್ಲ. ಕಾಯಿಲೆಯ ಮಗ ಶವಸಂಸ್ಕಾರಕ್ಕೆ ಹೋಗಲಾಗಲಿಲ್ಲ. ಅದೇ ವರ್ಷ ಲೂಯಿ ತಾಯಿಯನ್ನೂ ಕರೆದುಕೊಂಡು ಸ್ಕಾಟ್ಲೆಂಡ್ ಇರುವ ದಿಕ್ಕನ್ನೇ ಬಿಟ್ಟು ಹೊರಟ. ಸಮೋವಾ ದ್ವೀಪದಲ್ಲಿ ಕೂತು ಬರೆಯುತ್ತಿದ್ದ ಕೊನೆಗಾಲದ ಪುಸ್ತಕಗಳಲ್ಲಿ ಒಂದು, ತನ್ನ ಮನೆತನದ ಎಂಜಿನಿಯರ್‌ಗಳ ಚರಿತ್ರೆ. ಪೂರ್ತಿ ಮಾಡದೆ 1894ರಲ್ಲಿ ಅವನೂ ಹೋದ. ಗಂಡನನ್ನೂ ಮಗನನ್ನೂ ಕಳಿಸಿಕೊಟ್ಟು ಮಾರ್ಗರೆಟ್ ಇನ್ನೂ ಸುಮಾರು ಎರಡೂವರೆ ವರ್ಷ ಬದುಕಿದ್ದಳು.

ಲೂಯಿ ಬರೆದಿಟ್ಟ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಪೆರು ದೇಶದವನೊಬ್ಬ ಲೂಯಿಯ ಗೆಳೆಯನನ್ನು ಕೇಳಿದನಂತೆ, ಗ್ರಂಥಕರ್ತ ಸ್ಟೀವನ್‌ಸನ್ ಗೊತ್ತೇ, ನಮ್ಮಲ್ಲಿ ಅವರ ಪುಸ್ತಕಗಳಿಗೆ ಬಹಳ ಬೆಲೆ ಎಂದು. ಅವನು ಕೇಳಿದ್ದು ಅಪ್ಪನ ಬಗ್ಗೆ. ಮಗನ ಒಂದು ಕತೆಯೂ ಅವನಿಗೆ ಗೊತ್ತಿರಲಿಲ್ಲ.

ಇಡೀ ಮನೆತನ ಒಂದೇ ಒಂದು ಪೇಟೆಂಟ್ ಪಡೆಯಲಿಲ್ಲ. ಸರ್ಕಾರದ ಸಂಬಳ ತಿನ್ನುವವರು, ಕಂಡುಹಿಡಿದದ್ದೆಲ್ಲ ನಾಡಿನದು ಎಂಬುದು ಅವರ ನಿಲುವು. ಹಾಗಾಗಿ ಅವರ ಗಾಜು, ಅವರ ದೀಪ ದೇಶದೇಶಗಳಿಗೆ ಹಂಚಿಹೋದವು, ಹೆಸರು ಅಳಿಸಿಹೋಯಿತು. ಉಳಿದದ್ದು ಒಂದು ಪೆಟ್ಟಿಗೆಯ ಮೇಲೆ. 1860ರ ದಶಕದಲ್ಲಿ ಥಾಮಸ್ ರೂಪಿಸಿದ್ದು ಅದು: ಬಿಳಿ ಬಣ್ಣ, ನಾಲ್ಕೂ ಕಡೆ ಓರೆಪಟ್ಟಿಗಳ ಜೋಡಿಗೋಡೆ, ಗಾಳಿ ಆಡಬೇಕು, ಬಿಸಿಲೂ ಮಳೆಯೂ ಒಳಗಿನ ತಾಪಮಾಪಕವನ್ನು ಮುಟ್ಟಬಾರದು. ಕರ್ನಾಟಕದ ಹವಾಮಾನ ವೀಕ್ಷಣಾಲಯಗಳಲ್ಲಿ, ಕೃಷಿ ವಿಶ್ವವಿದ್ಯಾಲಯಗಳ ಅಂಗಳದಲ್ಲಿ ಕಾಲುಗಳ ಮೇಲೆ ನಿಂತಿರುತ್ತದಲ್ಲ, ಅದೇ ಸ್ಟೀವನ್‌ಸನ್ ಸ್ಕ್ರೀನ್. ಶಾಲಾಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಪೆಟ್ಟಿಗೆ ತೋರಿಸಿ ಉಷ್ಣಾಂಶ ಬರೆಸಿಕೊಂಡ ಮೇಲೆ, ಥಾಮಸ್ ಸ್ಟೀವನ್‌ಸನ್ ಎಂಬ ಹೆಸರನ್ನೂ ಒಮ್ಮೆ ಬರೆಸಿ.